ಸೈಟು ಒಂದೇ, ಎಚ್ಚರಿಕೆ ನಾಲ್ಕು ಥರ: ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ಕ್ಕೆ ಏನು ಮಾಡೋದು?

ಆಲೆಮನೆ_ಬೆಲ್ಲ · ಮಂಡ್ಯ

ಮಂಡ್ಯ ಸುತ್ತಮುತ್ತಲ ಆಲೆಮನೆಗಳ ಫೋಟೊ, ಟಿಪ್ಪಣಿ ಹಾಕುವ ಸ್ವಂತ ಸೈಟು. ಬಾಡಿಗೆ ಸರ್ವರು (ವಿಪಿಎಸ್), ಉಬುಂಟು 22.04, ಪುಟಗಳನ್ನು ಕಳಿಸುವ ತಂತ್ರಾಂಶ ಎಂಜಿನ್‌ಎಕ್ಸ್, ಸೈಟಿನ ಗುರುತು ಸಾರುವ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟು. ಹೊಸ ಪುಟಗಳು ವರ್ಡ್‌ಪ್ರೆಸ್, ಹಳೇವು ನುಡಿ ಫಾಂಟಿನ ಎಚ್‌ಟಿಎಂಎಲ್. ಎಂಜಿನ್‌ಎಕ್ಸ್ ಕಾನ್ಫಿಗ್ ಕೈಯಲ್ಲೇ ಬರೆದದ್ದು.

ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಸೈಟು ತೆರೆಯುತ್ತೆ. ಹೆಸರಿನ ಮುಂದೆ ಮೂರು-ಡಬ್ಲ್ಯೂ ಹಾಕಿದರೆ ಎಚ್ಚರಿಕೆ. ಫೋನಿನ ಫೈರ್‌ಫಾಕ್ಸ್‌ನಲ್ಲಿ ಹಾಕಿದರೂ ಎಚ್ಚರಿಕೆ, ಹಾಕದಿದ್ದರೂ ಎಚ್ಚರಿಕೆ. ಮುಖಪುಟದ ಮೂಲೆಯಲ್ಲಿ ಕೆಆರ್‌ಎಸ್ ನೀರಿನ ಮಟ್ಟ ತೋರಿಸುವ ಚೌಕ ಖಾಲಿ. ಹಳೆ ಪುಟಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. .ಭಾರತ ಕೊನೆಯ ಕನ್ನಡ ಹೆಸರೂ ಇದೆ, ಅದಕ್ಕೂ ಎಚ್ಚರಿಕೆ. ದುಡ್ಡು ಕೊಟ್ಟು ಸರ್ಟಿಫಿಕೇಟು ತಗೊಂಡ್ರೆ ಎಲ್ಲಾ ಸರಿಹೋಗುತ್ತೆ ಅಂತಾರೆ. ನಿಜಾನ?

ಚಾಮುಂಡಿ_ಮೆಟ್ಟಿಲು · ಮೈಸೂರು

ದುಡ್ಡು ಕೊಟ್ಟರೂ ಇದೇ ಎಚ್ಚರಿಕೆಗಳು ಇದೇ ಜಾಗದಲ್ಲಿ ಇರುತ್ತವೆ. ಉಚಿತದ್ದಕ್ಕೂ ಕಾಸಿನದ್ದಕ್ಕೂ ಗೂಢಲಿಪಿಯಲ್ಲಿ ವ್ಯತ್ಯಾಸ ಇಲ್ಲ. ಕಂಪನಿ ಹೆಸರು ಹಸಿರಲ್ಲಿ ತೋರಿಸುತ್ತಿದ್ದ ದುಬಾರಿ ಇವಿ ಸರ್ಟಿಫಿಕೇಟಿನ ಮರ್ಯಾದೆಯನ್ನೂ ಕ್ರೋಮ್ 2019ರಲ್ಲೇ ವಿಳಾಸಪಟ್ಟಿಯಿಂದ ತೆಗೆದುಹಾಕಿತು.

ಮೊದಲು ಕೋಡ್ ಬೇಕು. ಎಚ್ಚರಿಕೆ ಪುಟದ ದೊಡ್ಡಕ್ಷರದ ಸಾಲು ಬಹುತೇಕ ಎಲ್ಲಾ ಕಾಯಿಲೆಗೂ ಒಂದೇ, ಅದರಿಂದ ಏನೂ ತಿಳಿಯಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ ಬರುವ ಕೋಡೇ ಮುಖ್ಯ. ‘ಡೇಟ್ ಇನ್‌ವ್ಯಾಲಿಡ್’ ಅಂದರೆ ಅವಧಿ ಮುಗಿದಿದೆ, ಇಲ್ಲವೇ ನೋಡುವವರ ಗಡಿಯಾರ ತಪ್ಪಿದೆ. ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಅಂದರೆ ಟೈಪ್ ಮಾಡಿದ ಹೆಸರು ಸರ್ಟಿಫಿಕೇಟಿನಲ್ಲಿ ಇಲ್ಲ. ‘ಅಥಾರಿಟಿ ಇನ್‌ವ್ಯಾಲಿಡ್’ ಅಥವಾ ಫೈರ್‌ಫಾಕ್ಸ್‌ನ ‘ಅನ್‌ನೋನ್ ಇಷ್ಯುಯರ್’ ಅಂದರೆ ಸಹಿ ಹಾಕಿದವರು ಯಾರೆಂದು ಬ್ರೌಸರಿಗೆ ಗೊತ್ತಾಗುತ್ತಿಲ್ಲ. ಕೆಂಪು ಪುಟ ಬಂದರೆ ಅದು ಸರ್ಟಿಫಿಕೇಟಿನ ವಿಷಯವೇ ಅಲ್ಲ. ವಿಳಾಸದ ಪಕ್ಕ ‘ಸುರಕ್ಷಿತವಲ್ಲ’ ಅಂತ ಮಾತ್ರ ಇದ್ದರೆ ಪುಟ ಗೂಢಲಿಪಿ ಇಲ್ಲದ ಎಚ್‌ಟಿಟಿಪಿಯಲ್ಲಿ ಬರುತ್ತಿದೆ ಅಷ್ಟೇ. 2018ರ ಜುಲೈಯ ಕ್ರೋಮ್ 68ರಿಂದ ಎಲ್ಲಾ ಎಚ್‌ಟಿಟಿಪಿ ಪುಟಕ್ಕೂ ಆ ಹಣೆಪಟ್ಟಿ ಇದೆ.

ಯಾವ ವಿಳಾಸ, ಯಾವ ಬ್ರೌಸರು, ಯಾವ ಕೋಡು, ಮೂರನ್ನೂ ಜೋಡಿಸಿ ಹಾಕಿ. ‘ಮುಂದುವರಿಯಿರಿ’ ಒತ್ತಿ ಒಳಗೆ ಹೋಗಿ ಪರೀಕ್ಷೆ ಮಾಡಬೇಡಿ. ಒಮ್ಮೆ ಒತ್ತಿದರೆ ಆ ಬ್ರೌಸರ್ ಸ್ವಲ್ಪ ದಿನ ಅದನ್ನು ನೆನಪಿಟ್ಟುಕೊಂಡು ಎಚ್ಚರಿಕೆ ತೋರಿಸೋದನ್ನೇ ನಿಲ್ಲಿಸುತ್ತೆ. ಸರಿಹೋಯ್ತು ಅಂತ ಮೋಸ ಹೋಗ್ತೀರಿ.

ಆಲೆಮನೆ_ಬೆಲ್ಲ

ಮೂರು-ಡಬ್ಲ್ಯೂ, ಲ್ಯಾಪ್‌ಟಾಪ್ ಕ್ರೋಮ್: ಕಾಮನ್ ನೇಮ್ ಇನ್‌ವ್ಯಾಲಿಡ್.
ಕನ್ನಡ ಹೆಸರು, ಅದೇ ಕ್ರೋಮ್: ಅದೇ ಕೋಡ್.
ಬರೀ ಹೆಸರು, ಫೋನ್ ಫೈರ್‌ಫಾಕ್ಸ್: ಸೆಕ್ ಎರರ್ ಅನ್‌ನೋನ್ ಇಷ್ಯುಯರ್. ಬೇರೆ ಆ್ಯಪ್‌ನಲ್ಲಿ ಲಿಂಕ್ ಒತ್ತಿ ಅದರೊಳಗೇ ತೆರೆದರೂ ಎಚ್ಚರಿಕೆ.
ಊರಿನ ಸೈಬರ್ ಸೆಂಟರಿನ ಒಂದೇ ಒಂದು ಕಂಪ್ಯೂಟರ್: ಡೇಟ್ ಇನ್‌ವ್ಯಾಲಿಡ್. ಪಕ್ಕದ ಕಂಪ್ಯೂಟರಿನಲ್ಲಿ ಅದೇ ಸೈಟು ಸರಿ ಇದೆ.

ವಿಸಿ_ನಾಲೆ · ಮಂಡ್ಯ

ಆ ಸೈಬರ್ ಸೆಂಟರಿಂದು ನಿಮ್ ತಪ್ಪಲ್ಲ ಬುಡಿ. ಮದರ್‌ಬೋರ್ಡ್ ಸೆಲ್ಲು ಸತ್ತಿರುತ್ತೆ. ಸಿಆರ್2032, 3 ವೋಲ್ಟಿಂದು, ದುಂಡುಗಿರೋದು. ಕರೆಂಟ್ ಹೋಗಿ ಬಂದಾಗೆಲ್ಲಾ ತಾರೀಕು ಹಿಂದಕ್ಕೆ ಓಡುತ್ತೆ. ಆಗ ಸರ್ಟಿಫಿಕೇಟು ಇನ್ನೂ ಶುರುವಾಗೇ ಇಲ್ಲ ಅನ್ಕೊತದೆ ಬ್ರೌಸರು. ಅದೇ ಮಿಷಿನ್ನಲ್ಲಿ ಬ್ಯಾಂಕಿನ ಸೈಟು ತೆಗೆದು ನೋಡಿ, ಅದೂ ಬೈಯುತ್ತೆ. ಸೆಲ್ ಬದಲಾಯಿಸಿ, ಟೈಮನ್ನ ಇಂಟರ್ನೆಟ್ಟಿಂದ ಸಿಂಕ್ ಮಾಡಿ.

ಸರ್ವರ್_ಸಿದ್ದ · ಮೈಸೂರು

ಹೆಸರಿನದ್ದು ನೋಡೋಣ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೀತಿದ್ದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೀರಿ.

ಬ್ರೌಸರು ಸರ್ಟಿಫಿಕೇಟಿನ ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಪಟ್ಟಿ ಮಾತ್ರ ನೋಡುತ್ತೆ. ಕೋಡಿನಲ್ಲಿ ‘ಕಾಮನ್ ನೇಮ್’ ಅಂತಿದ್ದರೂ ಆ ಕಾಲಂ ಅನ್ನು ಕ್ರೋಮ್ 58ರಿಂದ, ಅಂದರೆ 2017ರಿಂದ, ಓದೋದನ್ನೇ ಬಿಟ್ಟಿದೆ. ಪಟ್ಟಿಯಲ್ಲಿ ಬರೀ ಹೆಸರು ಇದ್ದರೆ ಮೂರು-ಡಬ್ಲ್ಯೂ ಹೆಸರು ಅದರೊಳಗೆ ಸೇರಲ್ಲ. ಬ್ರೌಸರಿಗೆ ಅವು ಎರಡು ಬೇರೆ ಹೆಸರು.

ಇಲ್ಲಿ ಬಹಳ ಜನ ಎಂಜಿನ್‌ಎಕ್ಸ್‌ನಲ್ಲಿ ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳಿಸುವ ರಿಡೈರೆಕ್ಟ್ ಬರೆದು ಕೂರುತ್ತಾರೆ. ಅದರಿಂದ ಎಚ್ಚರಿಕೆ ಹೋಗಲ್ಲ. ಟಿಎಲ್‌ಎಸ್ ಕೈಕುಲುಕಾಟ, ಅಂದರೆ ಬ್ರೌಸರು ಸರ್ವರಿನ ಗುರುತು ನೋಡಿ ಗೂಢಲಿಪಿ ಒಪ್ಪಿಕೊಳ್ಳುವ ಮೊದಲ ಹಂತ, ಮುಗಿದ ಮೇಲೇ ಸರ್ವರು ರಿಡೈರೆಕ್ಟ್ ಮಾತು ಆಡೋದು. ಕೈಕುಲುಕುವಾಗಲೇ ಹೆಸರು ತಾಳೆಯಾಗಲಿಲ್ಲ ಅಂದರೆ ರಿಡೈರೆಕ್ಟ್ ಬ್ರೌಸರಿನವರೆಗೆ ಬರೋದೇ ಇಲ್ಲ. ರಿಡೈರೆಕ್ಟ್ ಮಾಡುವ ಹೆಸರಿಗೂ ಸರ್ಟಿಫಿಕೇಟು ಬೇಕು.

ಕ್ರಮ: ಮೊದಲು ಎರಡೂ ಹೆಸರಿನ ಡಿಎನ್‌ಎಸ್ ‘ಎ’ ದಾಖಲೆ (ಹೆಸರನ್ನು ಸರ್ವರಿನ ಐಪಿ ವಿಳಾಸಕ್ಕೆ ಜೋಡಿಸೋದು) ಇದೇ ವಿಪಿಎಸ್‌ಗೆ ಬರುತ್ತಿದೆಯಾ ನೋಡಿ. ಎಂಜಿನ್‌ಎಕ್ಸ್‌ನ ‘ಸರ್ವರ್_ನೇಮ್’ ಸಾಲಿನಲ್ಲಿ ಎರಡನ್ನೂ ಬರೆಯಿರಿ. ಆಮೇಲೆ ಸರ್ಟಿಫಿಕೇಟು ತಂದುಕೊಡುವ ಸರ್ಟ್‌ಬಾಟ್‌ಗೆ ‘ಸುಡೊ ಸರ್ಟ್‌ಬಾಟ್ --ಎಂಜಿನ್‌ಎಕ್ಸ್ --ಎಕ್ಸ್‌ಪ್ಯಾಂಡ್’ ಕೊಟ್ಟು, ಹಿಂದೆ ಪ್ರತಿ ಹೆಸರಿಗೂ ಒಂದೊಂದು ‘-ಡಿ’ ಹಾಕಿ. ಹಳೆ ಹೆಸರನ್ನೂ ಮತ್ತೆ ಹಾಕಬೇಕು, ಹೊಸದನ್ನು ಮಾತ್ರ ಅಲ್ಲ.

ಮುಗಿದ ಮೇಲೆ ‘ಸರ್ಟ್‌ಬಾಟ್ ಸರ್ಟಿಫಿಕೇಟ್ಸ್’ ಕೊಟ್ಟು ಪಟ್ಟಿ ನೋಡಿ. ಫೋಲ್ಡರ್ ಹೆಸರಿನ ಕೊನೆಗೆ -0001 ಬಂದಿದ್ದರೆ ಹಳೇದು ವಿಸ್ತರಣೆ ಆಗಿಲ್ಲ, ಪಕ್ಕದಲ್ಲಿ ಹೊಸದೊಂದು ಹುಟ್ಟಿದೆ. ಎಂಜಿನ್‌ಎಕ್ಸ್ ಇನ್ನೂ ಹಳೆ ಫೋಲ್ಡರಿಗೇ ಜೋತುಬಿದ್ದಿರಬಹುದು. ಹೊಸ ಸರ್ಟಿಫಿಕೇಟು ತಗೊಂಡೂ ಎಚ್ಚರಿಕೆ ಹೋಗಿಲ್ಲ ಅನ್ನೋರಲ್ಲಿ ಅರ್ಧ ಜನರದ್ದು ಇದೇ ಕಥೆ.

ಎಲ್ಲಾ ಸಬ್‌ಡೊಮೇನಿಗೂ ಒಂದೇ ಆಗುವ, ಹೆಸರಲ್ಲಿ ನಕ್ಷತ್ರ ಗುರುತಿರುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟು ತಗೊಳ್ಳೋಣ ಅಂತಿದ್ದರೆ ಎರಡು ಮಾತು: ನಕ್ಷತ್ರ ಒಂದೇ ಹಂತಕ್ಕೆ ಅನ್ವಯ, ಮೂಲ ಹೆಸರನ್ನು ಬೇರೆ ಸೇರಿಸಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ಡಿಎನ್‌ಎಸ್ ಪರೀಕ್ಷೆ ಮೂಲಕ ಮಾತ್ರ ಕೊಡುತ್ತೆ. ನಿಮಗೆ ಬೇಡ.

ಚಾಮುಂಡಿ_ಮೆಟ್ಟಿಲು

ಫೋನಿನದ್ದು ಚೈನ್ ತುಂಡಾಗಿರೋದು. ‘ಎಸ್‌ಎಸ್‌ಎಲ್_ಸರ್ಟಿಫಿಕೇಟ್’ ಸಾಲಿನಲ್ಲಿ ಯಾವ ಫೈಲ್ ಇದೆ? ‘ಸರ್ಟ್.ಪೆಮ್’ ಇದ್ದರೆ ಅದೇ ಕಾರಣ. ‘ಫುಲ್‌ಚೈನ್.ಪೆಮ್’ ಇರಬೇಕು.

ಬ್ರೌಸರಿನ ಹತ್ತಿರ ಇರೋದು ಮೂಲ ಅಧಿಕಾರಿಗಳ, ಅಂದರೆ ರೂಟ್‌ಗಳ, ಪಟ್ಟಿ ಮಾತ್ರ. ರೂಟ್ ನೇರವಾಗಿ ನಿಮ್ಮ ಸೈಟಿಗೆ ಸಹಿ ಹಾಕಲ್ಲ, ನಡುವೆ ಇಂಟರ್‌ಮೀಡಿಯೆಟ್ ಇರುತ್ತೆ. ಬಾಡಿಗೆ ಮನೆ ಕೇಳಿಕೊಂಡು ಬಂದ ಗುರುತಿಲ್ಲದ ಹುಡುಗ, ‘ಇಂಥವರ ಕಡೆಯವನು’ ಅಂತ ಹೇಳಬಲ್ಲ ನಡುವಿನ ಮನುಷ್ಯನನ್ನು ಜೊತೆಗೆ ಕರೆತರದಿದ್ದ ಹಾಗೆ ಆಗಿದೆ ಇದು. ಲ್ಯಾಪ್‌ಟಾಪಿನ ಕ್ರೋಮ್ ಸರ್ಟಿಫಿಕೇಟಿನೊಳಗಿನ ವಿಳಾಸ ಹಿಡಿದು ಆ ನಡುವಿನದ್ದನ್ನು ತಾನೇ ತಂದುಕೊಳ್ಳುತ್ತೆ. ಅದಕ್ಕೇ ಅಲ್ಲಿ ತೊಂದರೆ ಕಾಣಲ್ಲ. ಫೈರ್‌ಫಾಕ್ಸ್ ಹಾಗೆ ಹುಡುಕಿಕೊಂಡು ಹೋಗಲ್ಲ. ಕೆಲವು ಆ್ಯಪ್‌ಗಳ ಒಳಗಿನ ಬ್ರೌಸರು (ವೆಬ್‌ವ್ಯೂ), ಕರ್ಲ್ ಅನ್ನುವ ಕಮಾಂಡ್ ಉಪಕರಣ ಕೂಡ ಅಷ್ಟೇ. ‘ನನ್ನ ಕಂಪ್ಯೂಟರಲ್ಲಿ ಸರಿ ಇದೆಯಲ್ಲ’ ಅನ್ನೋದು ಈ ತೊಂದರೆಯಲ್ಲಿ ಸಾಕ್ಷಿಯೇ ಅಲ್ಲ.

ಬ್ರೌಸರ್ ಬಿಟ್ಟು ‘ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್’ನಲ್ಲಿ ನೋಡಿ. ‘-ಕನೆಕ್ಟ್’ಗೆ ಹೆಸರು ಮತ್ತು ಪೋರ್ಟ್ 443, ‘-ಸರ್ವರ್‌ನೇಮ್’ಗೆ ಮತ್ತೆ ಅದೇ ಹೆಸರು. ಒಂದೇ ಐಪಿಯಲ್ಲಿ ಹಲವು ಸೈಟ್ ಇದ್ದಾಗ ಈ ಎರಡನೇದನ್ನು ಬಿಟ್ಟರೆ ಹಳೆ ಓಪನ್‌ಎಸ್‌ಎಸ್‌ಎಲ್ ಬೇರೆ ಸೈಟಿನ ಸರ್ಟಿಫಿಕೇಟು ತೋರಿಸಿಬಿಡಬಹುದು. ಕೊನೆಯಲ್ಲಿ ‘ವೆರಿಫೈ ರಿಟರ್ನ್ ಕೋಡ್’ ಬರುತ್ತೆ: 0 ಅಂದರೆ ಸರಿ, 10 ಅಂದರೆ ಅವಧಿ ಮುಗಿದಿದೆ, 18 ಅಂದರೆ ತನಗೆ ತಾನೇ ಸಹಿ ಹಾಕಿಕೊಂಡದ್ದು. 20 ಅಥವಾ 21 ಅಂದರೆ ಚೈನ್ ತುಂಡು. ನಿಮ್ಮದು 21 ಬರಬೇಕು.

ಫೈಲ್ ಬದಲಿಸಿ, ‘ಎಂಜಿನ್‌ಎಕ್ಸ್ -ಟಿ’ ಕೊಟ್ಟು ಕಾನ್ಫಿಗ್ ಸರಿ ಇದೆ ಅನ್ನಿಸಿಕೊಂಡು, ‘ಸಿಸ್ಟಂಸಿಟಿಎಲ್ ರೀಲೋಡ್ ಎಂಜಿನ್‌ಎಕ್ಸ್’. ಅಪಾಚೆ ಬಳಸುವವರಿಗೆ: 2.4.8ರಿಂದ ‘ಎಸ್‌ಎಸ್‌ಎಲ್‌ಸರ್ಟಿಫಿಕೇಟ್‌ಫೈಲ್’ಗೇ ಫುಲ್‌ಚೈನ್ ಕೊಡಬಹುದು, ಬೇರೆ ಚೈನ್ ಸಾಲು ಬೇಡ.

ಆಲೆಮನೆ_ಬೆಲ್ಲ

21ಏ ಬಂತು. ಸಾಲಿನಲ್ಲಿ ‘ಸರ್ಟ್.ಪೆಮ್’ ಇತ್ತು. ಬದಲಿಸಿ ರೀಲೋಡ್ ಮಾಡಿದ ಮೇಲೆ 0. ಫೋನ್ ಫೈರ್‌ಫಾಕ್ಸ್ ಸುಮ್ಮನಾಯ್ತು. ಮೂರು-ಡಬ್ಲ್ಯೂ ಕೂಡ ಸರಿ. ಕೆಆರ್‌ಎಸ್ ಚೌಕ, ನುಡಿ ಪುಟ, ಕನ್ನಡ ಹೆಸರು ಉಳಿದಿವೆ.

ಒಂಟಿಕೊಪ್ಪಲ್_ಪಂಚಾಂಗ · ಮೈಸೂರು

ಚೌಕದ್ದೂ ನುಡಿದೂ ಒಂದೇ ರೋಗ, ಮಿಶ್ರ ಸರಕು. ಪುಟ ಎಚ್‌ಟಿಟಿಪಿಎಸ್‌ನಲ್ಲಿ ಬಂದು, ಅದರೊಳಗಿನ ಸಾಮಾನು ಎಚ್‌ಟಿಟಿಪಿಯಿಂದ ಬರುತ್ತಿದೆ. ಎಫ್12 ಒತ್ತಿ ಕನ್ಸೋಲ್ ನೋಡಿ, ‘ಮಿಕ್ಸೆಡ್ ಕಂಟೆಂಟ್’ ಅಂತ ಸಾಲು ಸಾಲಾಗಿ ಇರುತ್ತೆ.

ಚಿತ್ರಗಳಿಗೆ ಬ್ರೌಸರ್ ಸ್ವಲ್ಪ ಉದಾರ, ವಿಳಾಸವನ್ನು ತಾನೇ ಎಚ್‌ಟಿಟಿಪಿಎಸ್ ಮಾಡಿ ಕೇಳಿ ನೋಡುತ್ತೆ. ಸ್ಕ್ರಿಪ್ಟ್, ಸ್ಟೈಲ್‌ಶೀಟ್, ಐಫ್ರೇಮ್ (ನಿಮ್ಮ ಕೆಆರ್‌ಎಸ್ ಚೌಕದ ಹಾಗೆ ಬೇರೆ ಸೈಟಿನ ಪುಟ ತೋರಿಸೋದು), ಫಾಂಟು ಆದರೆ ನೇರ ತಡೆ. ಫಾಂಟಿನಲ್ಲೇ ಕನ್ನಡದಂಥ ಭಾಷೆಯವರಿಗೆ ಬರುವ ತಾಪತ್ರಯ ಇರೋದು. ಯೂನಿಕೋಡ್ ಪುಟದಲ್ಲಿ ಫಾಂಟು ತಡೆದರೆ ಸಿಸ್ಟಂನ ಬೇರೆ ಕನ್ನಡ ಫಾಂಟು ಬಂದು ಕೂರುತ್ತೆ, ಅಂದ ಕೆಡಬಹುದು, ಓದೋಕೆ ಅಡ್ಡಿಯಿಲ್ಲ. ಹಳೆ ನುಡಿ, ಬರಹದ ಪುಟಗಳಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರಗಳೇ, ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟು. ಫಾಂಟು ಹೋಯಿತು ಅಂದರೆ ಬರಹವೇ ಹೋಯಿತು.

ತಕ್ಷಣಕ್ಕೆ: ಫಾಂಟ್ ಫೈಲನ್ನು ನಿಮ್ಮ ಸರ್ವರಿಗೇ ತಂದಿಟ್ಟು, ಸಿಎಸ್‌ಎಸ್‌ನ ‘ಫಾಂಟ್-ಫೇಸ್’ನಲ್ಲಿ ಪೂರ್ತಿ ವಿಳಾಸದ ಬದಲು ಓರೆಗೆರೆಯಿಂದ ಶುರುವಾಗುವ ದಾರಿ ಕೊಡಿ. ಶಾಶ್ವತಕ್ಕೆ: ಪುಟಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಅಲ್ಲಿಯವರೆಗೂ ಗೂಗಲ್ ಹುಡುಕಾಟಕ್ಕೆ ನಿಮ್ಮ ಆಲೆಮನೆ ಬರಹ ಕನ್ನಡವೇ ಅಲ್ಲ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಇಂಗ್ಲಿಷ್ ಪದಗಳು ಬರುವ ಕಡೆ ಕಣ್ಣಾಡಿಸಿ. ಪರಿವರ್ತಕಗಳು ಎಡವುವುದು ಅಲ್ಲೇ.

ಸರ್ವರ್_ಸಿದ್ದ

ವರ್ಡ್‌ಪ್ರೆಸ್ ಪುಟಗಳಿಗೆ: ಸೆಟ್ಟಿಂಗ್ಸ್‌ನ ಎರಡೂ ವಿಳಾಸ ಎಚ್‌ಟಿಟಿಪಿಎಸ್ ಮಾಡಿ, ಆಮೇಲೆ ವರ್ಡ್‌ಪ್ರೆಸ್‌ನ ಕಮಾಂಡ್ ಉಪಕರಣ ಡಬ್ಲ್ಯೂಪಿ-ಸಿಎಲ್‌ಐನ ‘ಸರ್ಚ್-ರಿಪ್ಲೇಸ್’. ಹಳೆ ಪೂರ್ತಿ ವಿಳಾಸ, ಹೊಸ ಪೂರ್ತಿ ವಿಳಾಸ, ‘--ಸ್ಕಿಪ್-ಕಾಲಮ್ಸ್=ಜಿಯುಐಡಿ’, ಮೊದಲು ‘--ಡ್ರೈ-ರನ್’ ಹಾಕಿ ಎಷ್ಟು ಕಡೆ ಬದಲಾಗುತ್ತೆ ನೋಡಿಕೊಂಡು ಆಮೇಲೆ ನಿಜವಾದದ್ದು. ಡೇಟಾಬೇಸ್ ಬ್ಯಾಕಪ್ ಅದಕ್ಕೂ ಮುಂಚೆ. ಪಿಎಚ್‌ಪಿಮೈಅಡ್ಮಿನ್‌ಗೆ ಹೋಗಿ ನೇರ ಎಸ್‌ಕ್ಯೂಎಲ್‌ನಲ್ಲಿ ಬದಲಿಸಬೇಡಿ. ವಿಜೆಟ್, ಥೀಮ್ ಸೆಟ್ಟಿಂಗ್‌ಗಳು ಸೀರಿಯಲೈಸ್ ಆಗಿ, ಪಠ್ಯದ ಉದ್ದದ ಸಂಖ್ಯೆಯ ಜೊತೆಗೇ ಕೂತಿರುತ್ತವೆ. ಒಂದು ಅಕ್ಷರ ಹೆಚ್ಚಾದರೆ ಸಂಖ್ಯೆ ತಾಳೆಯಾಗದೆ ಆ ಸೆಟ್ಟಿಂಗೇ ಮಾಯ.

ಕೆಆರ್‌ಎಸ್ ಚೌಕಕ್ಕೆ, ಎಚ್‌ಟಿಟಿಪಿ ವಿಳಾಸಗಳನ್ನೆಲ್ಲಾ ಎಚ್‌ಟಿಟಿಪಿಎಸ್ ಮಾಡಿ ಕೇಳು ಅನ್ನುವ ‘ಅಪ್‌ಗ್ರೇಡ್-ಇನ್‌ಸೆಕ್ಯೂರ್-ರಿಕ್ವೆಸ್ಟ್ಸ್’ ಹೆಡರ್ ಹಾಕಿ ಅಂತ ಯಾರಾದರೂ ಹೇಳಬಹುದು. ಆ ಕಡೆಯ ಸರ್ವರಿನಲ್ಲಿ ಎಚ್‌ಟಿಟಿಪಿಎಸ್ ಇದ್ದರೆ ಮಾತ್ರ ಅದು ಕೆಲಸ ಮಾಡೋದು. ಇಲ್ಲದಿದ್ದರೆ ಐಫ್ರೇಮ್ ಕೈಬಿಡಿ. ಕ್ರಾನ್‌ನಲ್ಲಿ ಗಂಟೆಗೊಂದು ಸಲ ಆ ಪುಟ ತಂದು, ಅಂಕಿ ಮಾತ್ರ ಆರಿಸಿ ಒಂದು ಜೇಸನ್ ಫೈಲಿನಲ್ಲಿಟ್ಟು ನಿಮ್ಮ ಸೈಟಿನಿಂದಲೇ ತೋರಿಸಿ. ಹೊರಗಿನ ಎಚ್‌ಟಿಟಿಪಿ ಪುಟದಿಂದ ಬಂದದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಬಂದದ್ದು ಸಂಖ್ಯೆಯೇ ಹೌದಾ, ಜಲಾಶಯದ ಗರಿಷ್ಠ ಮಟ್ಟ 124.80 ಅಡಿ ಮೀರಿಲ್ಲ ತಾನೇ ಅಂತ ಪರೀಕ್ಷಿಸಿ ಆಮೇಲೆ ಬರೆಯಿರಿ.

ಮದ್ದೂರು_ವಡೆ · ಮದ್ದೂರು

ಇದಕ್ಕೆಲ್ಲಾ ಯಾಕೆ ಇಷ್ಟು ಒದ್ದಾಟ? ಓದುಗರಿಗೂ ಸರ್ವರಿಗೂ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್ ಹಿಂದೆ ಕೂರಿಸಿಬಿಡಿ, ಮುಗೀತು.

ಚಾಮುಂಡಿ_ಮೆಟ್ಟಿಲು

@ಮದ್ದೂರು_ವಡೆ ಚೈನಿನ ತೊಂದರೆ ಮರೆಯಾಗುತ್ತೆ ನಿಜ, ಮಿಶ್ರ ಸರಕು ಹಾಗೇ ಇರುತ್ತೆ. ‘ಫ್ಲೆಕ್ಸಿಬಲ್’ ಮೋಡ್‌ನಲ್ಲಿಟ್ಟರೆ ಕ್ಲೌಡ್‌ಫ್ಲೇರ್‌ನಿಂದ ನಿಮ್ಮ ಸರ್ವರಿನವರೆಗಿನ ದಾರಿ ಎಚ್‌ಟಿಟಿಪಿಯೇ. ಸರ್ವರು ‘ಎಚ್‌ಟಿಟಿಪಿಎಸ್‌ಗೆ ಹೋಗು’ ಅನ್ನುತ್ತೆ, ಅವರು ಮತ್ತೆ ಎಚ್‌ಟಿಟಿಪಿಯಲ್ಲೇ ಬರುತ್ತಾರೆ, ಸುತ್ತಿದ್ದೇ ಸುತ್ತು, ಕೊನೆಗೆ ‘ಟೂ ಮೆನಿ ರಿಡೈರೆಕ್ಟ್ಸ್’. ‘ಫುಲ್ ಸ್ಟ್ರಿಕ್ಟ್’ ಇಟ್ಟರೆ ಮಾತ್ರ ಅರ್ಥ ಇದೆ. ಅವರ ಒರಿಜಿನ್ ಸರ್ಟಿಫಿಕೇಟು ಹಾಕಿ, ಆಮೇಲೆ ಕಿತ್ತಳೆ ಮೋಡವನ್ನು (ಅವರ ಮೂಲಕ ಹಾಯಿಸುವ ಸ್ವಿಚ್ಚು) ಆಫ್ ಮಾಡಿದಿರೋ, ಅಥಾರಿಟಿ ಇನ್‌ವ್ಯಾಲಿಡ್ ಖಾತ್ರಿ. ಅದನ್ನು ನಂಬೋದು ಕ್ಲೌಡ್‌ಫ್ಲೇರ್ ಮಾತ್ರ.

ಒಂಟಿಕೊಪ್ಪಲ್_ಪಂಚಾಂಗ

ಕನ್ನಡ ಹೆಸರಿಗೆ ಬರೋಣ. ಡಿಎನ್‌ಎಸ್‌ಗೆ, ಸರ್ಟಿಫಿಕೇಟಿಗೆ ಕನ್ನಡ ಅಕ್ಷರ ತಿಳಿಯಲ್ಲ, ಅದನ್ನೇ ಇಂಗ್ಲಿಷ್ ಅಕ್ಷರ-ಅಂಕಿಗಳಲ್ಲಿ ಬರೆಯುವ ಪ್ಯೂನಿಕೋಡ್ ರೂಪವೇ ಗೊತ್ತಿರೋದು. ಪ್ರತಿ ಭಾಗವೂ ‘ಎಕ್ಸ್‌ಎನ್--’ ಇಂದ ಶುರುವಾಗುತ್ತೆ. ಕನ್ನಡದ .ಭಾರತ ಅಂದರೆ ‘ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ’. ಲೆಟ್ಸ್ ಎನ್‌ಕ್ರಿಪ್ಟ್ 2016ರಿಂದಲೂ ಇಂಥ ಹೆಸರಿಗೆ ಕೊಡುತ್ತಿದೆ. ಸರ್ಟ್‌ಬಾಟ್‌ನ ‘-ಡಿ’ಗೂ ಎಂಜಿನ್‌ಎಕ್ಸ್‌ನ ‘ಸರ್ವರ್_ನೇಮ್’ಗೂ ಪ್ಯೂನಿಕೋಡ್ ರೂಪವನ್ನೇ ಕೊಡಿ. ‘ಸರ್ವರ್_ನೇಮ್’ನಲ್ಲಿ ಕನ್ನಡದಲ್ಲಿ ಬರೆದರೆ ಎಂಜಿನ್‌ಎಕ್ಸ್‌ಗೆ ತಾಳೆ ಸಿಗದೆ ಡೀಫಾಲ್ಟ್ ಸೈಟಿನ ಸರ್ಟಿಫಿಕೇಟು ಕೊಟ್ಟುಬಿಡುತ್ತೆ.

ಇನ್ನೊಂದು ನುಣ್ಣನೆಯ ಬಲೆ ಇದೆ. ಹೆಸರಿನಲ್ಲಿ ಅನುಸ್ವಾರ ಇದೆಯಾ? ಅನುಸ್ವಾರದ ಸಂಕೇತ ಯು+0ಸಿ82, ಕನ್ನಡ ಅಂಕಿ ಸೊನ್ನೆಯದ್ದು ಯು+0ಸಿಇ6. ಕಣ್ಣಿಗೆ ಎರಡೂ ಒಂದೇ ದುಂಡು. ಹಳೆ ಕೀಲಿಮಣೆ ಅಭ್ಯಾಸದಲ್ಲಿ ಅನುಸ್ವಾರದ ಜಾಗಕ್ಕೆ ಸೊನ್ನೆ ಹೊಡೆಯುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ. ಅವರು ಟೈಪ್ ಮಾಡಿ ವಾಟ್ಸಾಪಿನಲ್ಲಿ ಹಂಚಿದ ಲಿಂಕು ಪ್ಯೂನಿಕೋಡ್‌ನಲ್ಲಿ ಬೇರೆಯೇ ಹೆಸರು. ‘ಸೈಟ್ ಸಿಗುತ್ತಿಲ್ಲ’ ಅಂತ ಬರುತ್ತೆ. ಸಬ್‌ಡೊಮೇನ್ ಆಗಿದ್ದು ಡಿಎನ್‌ಎಸ್‌ನಲ್ಲಿ ನಕ್ಷತ್ರ ದಾಖಲೆ ಇದ್ದರೆ ಮತ್ತೆ ಕಾಮನ್ ನೇಮ್ ಎಚ್ಚರಿಕೆ. ಲಿಂಕನ್ನು ಕಾಪಿ ಮಾಡಿ ಹಂಚಿ, ಟೈಪ್ ಮಾಡಿಸಬೇಡಿ. ‘ಸಾಫ್ಟ್‌ವೇರ್’ನಲ್ಲಿ ಬರುವಂಥ ಕಾಣದ ಬಿಡಿಸುವ ಅಕ್ಷರ ಇರುವ ಪದವನ್ನು ಡೊಮೇನ್ ಮಾಡಿಕೊಳ್ಳಲೇಬೇಡಿ. ಕೆಲವು ಬ್ರೌಸರ್ ಆವೃತ್ತಿಗಳು ಅದನ್ನು ಕಿತ್ತುಹಾಕುತ್ತವೆ, ಕೆಲವು ಉಳಿಸಿಕೊಳ್ಳುತ್ತವೆ.

ವಿಸಿ_ನಾಲೆ

ಇವತ್ತು ಸರಿಹೋಯ್ತು ಅಂತ ಮಲಗಬ್ಯಾಡಿ, ನವೀಕರಣ ನೋಡ್ಕಳಿ. ಸರ್ಟಿಫಿಕೇಟು 90 ದಿನಕ್ಕೆ. ಮುಗಿತಾ ಬಂತು ಅಂತ ಮೊದ್ಲು ಈಮೇಲ್ ಬರ್ತಿತ್ತು, 2025ರ ಜೂನಿಂದ ಲೆಟ್ಸ್ ಎನ್‌ಕ್ರಿಪ್ಟ್‌ನೋರು ಅದನ್ನೂ ನಿಲ್ಸವ್ರೆ. ‘ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್’ ಕೊಟ್ಟು ನೋಡಿ.

ಸರ್ವರ್_ಸಿದ್ದ

ಅದು ಸರಿ. ಡ್ರೈ-ರನ್ ಬಿದ್ದರೆ ಸಾಮಾನ್ಯವಾಗಿ ಕಾರಣ ಇವು. ಪೋರ್ಟ್ 80 ಮುಚ್ಚಿರೋದು: ‘ಎಲ್ಲಾ ಎಚ್‌ಟಿಟಿಪಿಎಸ್ ತಾನೇ’ ಅಂತ ಫೈರ್‌ವಾಲ್‌ನಲ್ಲಿ 80 ಮುಚ್ಚುತ್ತಾರೆ, ಎಚ್‌ಟಿಟಿಪಿ ಪರೀಕ್ಷೆ ಬರೋದೇ 80ಕ್ಕೆ. ತೆರೆದಿಡಿ, ರಿಡೈರೆಕ್ಟ್ ಇದ್ದರೂ ಅದು ಹಿಂಬಾಲಿಸುತ್ತೆ. ಎರಡನೇದು ಹಳೆ ಐಪಿವಿ6: ಸರ್ವರ್ ಬದಲಿಸಿದಾಗ ‘ಎ’ ದಾಖಲೆ ತಿದ್ದಿ, ಐಪಿವಿ6 ವಿಳಾಸ ಹೇಳುವ ನಾಲ್ಕು-ಎ (ಎಎಎಎ) ದಾಖಲೆಯನ್ನು ಹಾಗೇ ಬಿಟ್ಟಿರೋದು. ಪರೀಕ್ಷೆ ಐಪಿವಿ6ಗೇ ಮೊದಲು ಹೋಗುತ್ತೆ, ಅಲ್ಲಿ ಯಾರದ್ದೋ ಸರ್ವರು. ನಿಮ್ಮ ಮನೆಯ ನೆಟ್ಟಿನಲ್ಲಿ ಐಪಿವಿ6 ಇಲ್ಲದಿದ್ದರೆ ಎಷ್ಟು ನೋಡಿದರೂ ತಪ್ಪು ಕಾಣಲ್ಲ.

ನವೀಕರಣ ಆಗಿಯೂ ಡೇಟ್ ಇನ್‌ವ್ಯಾಲಿಡ್ ಬಂದರೆ, ಎಂಜಿನ್‌ಎಕ್ಸ್ ಹಳೆ ಸರ್ಟಿಫಿಕೇಟನ್ನೇ ನೆನಪಿನಲ್ಲಿ ಇಟ್ಟುಕೊಂಡಿದೆ. ‘--ಡಿಪ್ಲಾಯ್-ಹುಕ್’ನಲ್ಲಿ ಎಂಜಿನ್‌ಎಕ್ಸ್ ರೀಲೋಡ್ ಬರೆದಿಡಿ.

ಬಿದ್ದಾಗ ಅದೇ ಕಮಾಂಡನ್ನು ಮತ್ತೆ ಮತ್ತೆ ಹೊಡೆಯಬೇಡಿ. ಒಂದು ಹೆಸರಿಗೆ ಗಂಟೆಗೆ 5 ವಿಫಲ ಪರೀಕ್ಷೆ, ಅದೇ ಹೆಸರುಗಳ ಗುಂಪಿಗೆ 7 ದಿನಕ್ಕೆ 5 ಸರ್ಟಿಫಿಕೇಟು, ಇದು ಮಿತಿ. ಡ್ರೈ-ರನ್ ಪ್ರಯೋಗಕ್ಕೇ ಇಟ್ಟ ಸ್ಟೇಜಿಂಗ್ ಸರ್ವರಿಗೆ ಹೋಗೋದರಿಂದ ಈ ಲೆಕ್ಕಕ್ಕೆ ಬರಲ್ಲ.

ಕಾಸು ಕೊಟ್ಟವರಿಗೂ ಇದು ತಪ್ಪಲ್ಲ. ಸರ್ಟಿಫಿಕೇಟಿನ ಗರಿಷ್ಠ ಆಯುಷ್ಯ 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನದಿಂದ 100, 2029ರಿಂದ 47. ಇನ್ನು ವರ್ಷಕ್ಕೊಮ್ಮೆ ಕೈಯಲ್ಲಿ ಹಾಕುವ ಕಾಲ ಇಲ್ಲ.

ಮದ್ದೂರು_ವಡೆ

ಈ ಸೈಟಿಗೆ ಎಚ್‌ಟಿಟಿಪಿಎಸ್‌ನಲ್ಲೇ ಬಾ ಅನ್ನುವ ಎಚ್‌ಎಸ್‌ಟಿಎಸ್ ಹೆಡರ್ ಹಾಕಿ, ಬ್ರೌಸರಿನ ಜೊತೆಗೇ ಬರುವ ಪ್ರೀಲೋಡ್ ಪಟ್ಟಿಗೆ ಸೇರಿಸಿಬಿಟ್ಟರೆ ಪಕ್ಕಾ ಅಲ್ವಾ?

ಚಾಮುಂಡಿ_ಮೆಟ್ಟಿಲು

ಈಗಲೇ ಬೇಡ. ಎಚ್‌ಎಸ್‌ಟಿಎಸ್ ಇದ್ದ ಸೈಟಿನಲ್ಲಿ ಸರ್ಟಿಫಿಕೇಟು ಕೆಟ್ಟರೆ ‘ಮುಂದುವರಿಯಿರಿ’ ಗುಂಡಿಯೇ ಇರಲ್ಲ, ಓದುಗರು ಹೊರಗೆ. ಮೊದಲು ಮ್ಯಾಕ್ಸ್-ಏಜ್ (ಬ್ರೌಸರು ಅದನ್ನು ನೆನಪಿಡುವ ಅವಧಿ) 300 ಸೆಕೆಂಡಿಟ್ಟು ನೋಡಿ, ಆಮೇಲೆ ಒಂದು ವಾರಕ್ಕೆ 604800, ಒಂದು ನವೀಕರಣ ತಾನಾಗಿ ದಾಟಿದ ಮೇಲೆ ಒಂದು ವರ್ಷಕ್ಕೆ 31536000. ಪ್ರೀಲೋಡ್‌ಗೆ ಸಬ್‌ಡೊಮೇನ್‌ಗಳನ್ನೂ ಸೇರಿಸಲೇಬೇಕು. ಎಲ್ಲೋ ಒಂದು ಎಚ್‌ಟಿಟಿಪಿ ಸಬ್‌ಡೊಮೇನ್ ಇದ್ದರೆ ಅದೂ ಮುಚ್ಚಿಹೋಗುತ್ತೆ. ಪಟ್ಟಿಯಿಂದ ಹೊರಬಂದದ್ದು ಎಲ್ಲಾ ಬ್ರೌಸರಿಗೂ ತಲುಪೋಕೆ ತಿಂಗಳುಗಟ್ಟಲೆ ಬೇಕು. ಸ್ವಂತ ಸೈಟಿಗೆ ಪ್ರೀಲೋಡ್ ಅತಿಯಾಯಿತು ಅನ್ನೋದು ನನ್ನ ಅಭಿಪ್ರಾಯ.

ದೇವರಾಜ_ಮಾರ್ಕೆಟ್ · ಮೈಸೂರು

ಕೆಂಪು ಪುಟ ಬಂದರೆ ಸರ್ಟಿಫಿಕೇಟಿನ ವಿಷಯ ಅಲ್ಲ ಅಂದ್ರಿ. ಅದಕ್ಕೇನು ದಾರಿ?

ಸರ್ವರ್_ಸಿದ್ದ

ಅದು ಅಪಾಯದ ಸೈಟುಗಳನ್ನು ತಡೆಯುವ ಗೂಗಲ್ ಸೇಫ್ ಬ್ರೌಸಿಂಗ್. ಸೈಟಿನೊಳಗೆ ಯಾರೋ ನುಗ್ಗಿ ಏನೋ ಇಟ್ಟಿದ್ದಾರೆ ಅಂತಲೇ ಹಿಡಿದುಕೊಂಡು ಶುರುಮಾಡಿ. ಸರ್ಚ್ ಕನ್ಸೋಲ್‌ನ ‘ಸೆಕ್ಯುರಿಟಿ ಇಶ್ಯೂಸ್’ನಲ್ಲಿ ಮಾದರಿ ವಿಳಾಸ ಸಿಗುತ್ತೆ. ವರ್ಡ್‌ಪ್ರೆಸ್ ಆದರೆ ‘ಡಬ್ಲ್ಯೂಪಿ ಕೋರ್ ವೆರಿಫೈ-ಚೆಕ್‌ಸಮ್ಸ್’, ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲ್ ಇದೆಯಾ, ಗುರುತಿಲ್ಲದ ಅಡ್ಮಿನ್ ಖಾತೆ ಇದೆಯಾ ನೋಡಿ. ಫೋನಿನಿಂದ ಅಥವಾ ಗೂಗಲ್ ಹುಡುಕಾಟದಿಂದ ಬಂದವರನ್ನು ಮಾತ್ರ ಬೇರೆ ಕಡೆ ತಳ್ಳುವ ಕೋಡ್ ಇರುತ್ತೆ, ಮಾಲೀಕರು ನೇರ ವಿಳಾಸ ಹೊಡೆದರೆ ಏನೂ ಕಾಣಲ್ಲ. ಪೂರ್ತಿ ಶುಚಿಮಾಡಿ, ಪಾಸ್‌ವರ್ಡ್‌ಗಳನ್ನೆಲ್ಲಾ ಬದಲಿಸಿದ ಮೇಲೆ ಮರುಪರಿಶೀಲನೆ ಕೇಳಿ. ಅರ್ಧಂಬರ್ಧ ಮಾಡಿ ಕೇಳಿದರೆ ಮತ್ತೆ ಅದೇ ಕೆಂಪು. ಹೆಚ್ಚಿನದಕ್ಕೆ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಬೆರೆಸೋದು ಬೇಡ.

ಆಲೆಮನೆ_ಬೆಲ್ಲ

ಕನ್ನಡ ಹೆಸರು ಸರಿಯಾಯ್ತು. ಡ್ರೈ-ರನ್ ಬಿತ್ತು, ಕಾರಣ ಹಳೆ ನಾಲ್ಕು-ಎ ದಾಖಲೆ, ತೆಗೆದೆ. ಉಳಿದದ್ದು ಒಂದು: ಆಂಡ್ರಾಯ್ಡ್ 6 ಫೋನ್ ಇಟ್ಟುಕೊಂಡಿರುವ ಕೆಲವು ಆಲೆಮನೆಯವರಿಗೆ ಇನ್ನೂ ಅಥಾರಿಟಿ ಇನ್‌ವ್ಯಾಲಿಡ್. ಓಪನ್‌ಎಸ್‌ಎಸ್‌ಎಲ್ 0 ತೋರಿಸುತ್ತೆ.

ಚಾಮುಂಡಿ_ಮೆಟ್ಟಿಲು

ಸರ್ವರಿನಲ್ಲಿ ತಪ್ಪಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನ ಐಎಸ್‌ಆರ್‌ಜಿ ರೂಟ್ ಎಕ್ಸ್1 ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಸಿಸ್ಟಂ ಪಟ್ಟಿಯಲ್ಲಿ ಇಲ್ಲ. ಹಳೆ ಫೋನುಗಳಿಗಾಗಿ ಇದ್ದ ಅಡ್ಡಸಹಿಯ (ಹಳೆ ರೂಟೊಂದು ಹೊಸ ರೂಟಿಗೆ ಹಾಕಿದ ಸಹಿ) ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಫೈರ್‌ಫಾಕ್ಸ್ ರೂಟ್ ಪಟ್ಟಿಯನ್ನು ತನ್ನ ಜೊತೆಗೇ ತರುತ್ತೆ, ಆ ಫೋನಿಗೆ ಹೊಂದುವ ಆವೃತ್ತಿ ಸಿಕ್ಕರೆ ತೆರೆಯುತ್ತೆ. ಹಳೆ ಆವೃತ್ತಿ ಅನ್ನೋದು ನೆನಪಿರಲಿ, ಅದರಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ ಅಂತ ಹೇಳಿ.

ಅವರಿಗೆ ಏನೂ ಹಾಕಿಸದೆ ತೆರೆಯಬೇಕು ಅಂದರೆ ಹಳೆಯ ರೂಟಿಗೆ ಚೈನ್ ಕಟ್ಟುವ ಬೇರೆ ಸಂಸ್ಥೆ ಬೇಕು. ಗೂಗಲ್ ಟ್ರಸ್ಟ್ ಸರ್ವಿಸಸ್ ಉಚಿತವಾಗಿ ಕೊಡುತ್ತೆ, ಅದರ ರೂಟಿಗೆ ಗ್ಲೋಬಲ್‌ಸೈನ್‌ನ ಹಳೆ ರೂಟಿನ ಅಡ್ಡಸಹಿ 2028ರ ಜನವರಿಯವರೆಗೆ ಇದೆ. ಸರ್ಟ್‌ಬಾಟ್ ಅದೇ ಸಾಕು, ‘--ಸರ್ವರ್’ ವಿಳಾಸ ಬದಲಿಸಿ ನಿಮ್ಮ ಖಾತೆ ಗುರುತಿಸೋಕೆ ಅವರು ಕೊಡುವ ಇಎಬಿ ಕೀ ಎರಡನ್ನೂ ಕೊಡಬೇಕು. ಆಂಡ್ರಾಯ್ಡ್ 5ರಿಂದ ಟಿಎಲ್‌ಎಸ್ 1.2 ತಾನಾಗಿ ಆನ್ ಇರುತ್ತೆ, ಹಾಗಾಗಿ ‘ಎಸ್‌ಎಸ್‌ಎಲ್_ಪ್ರೋಟೊಕಾಲ್ಸ್’ ಸಾಲಿನಲ್ಲಿ 1.2, 1.3 ಇದ್ದರೆ ಸಾಕು, ಹಳೆ ಫೋನಿನ ನೆಪದಲ್ಲಿ 1.0 ತೆರೆಯಬೇಡಿ. ಡಿಎನ್‌ಎಸ್‌ನಲ್ಲಿ ಸಿಎಎ ದಾಖಲೆ (ಯಾವ ಸಂಸ್ಥೆ ಸರ್ಟಿಫಿಕೇಟು ಕೊಡಬಹುದು ಅನ್ನೋದು) ಇಟ್ಟಿದ್ದರೆ ಮೊದಲು ‘ಪಿಕೆಐ.ಗೂಗ್’ ಸೇರಿಸಿ. ಇಲ್ಲದಿದ್ದರೆ ಅವರು ಕೊಡೋಕೆ ನಿರಾಕರಿಸುತ್ತಾರೆ, 2017ರಿಂದ ಅದನ್ನು ನೋಡಿಯೇ ಕೊಡಬೇಕು ಅನ್ನೋದು ಎಲ್ಲಾ ಸಂಸ್ಥೆಗಳಿಗೂ ಕಡ್ಡಾಯ.